ಐಎನ್‌ಎಸ್ ಮೈಸೂರು
ಭಾರತೀಯ ನೌಕಾಪಡೆಯ ದೆಹಲಿ ವರ್ಗದ ಎರಡನೆಯ ಕ್ಷಿಪಣಿ ವಿಧ್ವಂಸಕ ನೌಕೆ. ಉದ್ದ 163 ಮೀಟರ್. ಮುಂಬೈನ ಮಜಗಾಂವ್ ಡಾಕ್‌ನಲ್ಲಿ 1991ರಲ್ಲಿ ನಿರ್ಮಾಣಕ್ಕೆ ಕೀಲ್ ಇಟ್ಟು, 1993ರಲ್ಲಿ ನೀರಿಗಿಳಿಸಲಾಯಿತು. ಸೇವೆಗೆ ಸೇರಿದ್ದು 1999ರ ಜೂನ್ 2ರಂದು. ನೌಕೆಯ ಒಡಲು ತೇಲಿದರೆ ಕೆಲಸ ಮುಗಿಯುವುದಿಲ್ಲ. ರೇಡಾರ್, ಆಯುಧ, ಕೇಬಲ್‌ಗಳ ಜೋಡಣೆಗೆ, ಸಮುದ್ರ ಪರೀಕ್ಷೆಗೆ ವರ್ಷಗಳೇ ಹಿಡಿಯುತ್ತವೆ.

ಹೆಸರಿನ ಹಿಂದೆ ದೊಡ್ಡ ಪರಂಪರೆಯೇ ಇದೆ. ಬ್ರಿಟನ್ನಿನ ‘ನೈಜೀರಿಯಾ’ ಕ್ರೂಸರನ್ನು ಕೊಂಡ ಭಾರತ, 1957ರಲ್ಲಿ ಅದನ್ನು ‘ಮೈಸೂರು’ ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಬಳಗದ ಧ್ವಜನೌಕೆಯಾಗಿದ್ದ ಅದು 1985ರಲ್ಲಿ ನಿವೃತ್ತವಾಯಿತು. ಅಂಥ ಹೆಸರನ್ನು ಮುಂಬೈಯಲ್ಲೇ ಕಟ್ಟಿದ ನೌಕೆಗೆ ಇಟ್ಟದ್ದು ಅರ್ಹ ಗೌರವ. ಲಾಂಛನದಲ್ಲಿ ಮೈಸೂರು ಅರಸರ ಗಂಡಭೇರುಂಡವಿದೆ. ಕರ್ನಾಟಕ ಸರ್ಕಾರದ ಮುದ್ರೆಯಲ್ಲಿರುವುದೂ ಅದೇ ಎರಡು ತಲೆಯ ಹಕ್ಕಿ.