ಹರಿಹರದ ಹೊಳೆ ದಾಟಿದ ಮೇಲೆ

ರೈಲು ಹರಿಹರದ ಸೇತುವೆ ಏರಿದಾಗಲೆಲ್ಲ ನಮ್ಮ ಅಜ್ಜ, "ಹೊಳಿ ದಾಟಿದ್ವಿ, ಇನ್ನ ಮೈಸೂರು ಸೀಮಿ" ಅನ್ನುತ್ತಿದ್ದ. ರಾಜ್ಯ ಒಂದಾಗಿ ಎಷ್ಟೋ ವರ್ಷ ಕಳೆದಿದ್ದರೂ ಅವನ ಬಾಯಲ್ಲಿ ಆ ಗಡಿ ಅಳಿಸಿರಲಿಲ್ಲ. ಹಳೇ ಹುಬ್ಬಳ್ಳಿಯ ಭವಾನಿಶಂಕರ ಗುಡಿಯ ಹತ್ತಿರ ಬೆಳೆದ ನಾನು ಅದನ್ನು ಮುದುಕರ ಮಾತೆಂದು ಬಿಟ್ಟುಬಿಟ್ಟಿದ್ದೆ. ಕಳೆದ ಬೇಸಿಗೆ ಸೂಟಿಯಲ್ಲಿ ಮಗಳನ್ನು ಕರೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದಾಗ ಆ ಮಾತು ಬೆನ್ನು ಹತ್ತಿತು.

"ದ್ವೀಪ ಅಂದಿದ್ದಿ, ಸಮುದ್ರ ಎಲ್ಲಿ ಐತಿ ಅಪ್ಪಾ?" ಎಂದಳು ಮಗಳು. ಸಂಗಮಕ್ಕೆ ಕರೆದೊಯ್ದು ತೋರಿಸಿದೆ. ಊರಿನ ಪಶ್ಚಿಮಕ್ಕೆ ಎರಡಾಗಿ ಒಡೆದ ಕಾವೇರಿ, ಕೋಟೆ, ಗುಡಿ, ಗದ್ದೆಗಳನ್ನೆಲ್ಲ ಬಳಸಿ ಬಂದು ಇಲ್ಲಿ ಮತ್ತೆ ಕೂಡುತ್ತದೆ. ನಡುವೆ ಉಳಿದ ನೆಲವೇ ದ್ವೀಪ. ಹತ್ತಿರದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದೆವು. ಮೈಸೂರಿನ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಒಡ್ಡಿನಿಂದ ಆದ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಅಲ್ಲಿ ಪಕ್ಷಿಧಾಮವಾಯಿತು. ಕೊಕ್ಕರೆಗಳ ಗೂಡು, ಬಂಡೆಯ ಮೇಲೆ ಬಾಯ್ತೆರೆದು ಮಲಗಿದ ಮೊಸಳೆ ನೋಡಿದ ಮೇಲೆ ಸಮುದ್ರದ ಮಾತು ಮರೆತುಹೋಯಿತು.

ಕೋಟೆಯೊಳಗೆ ರೈಲು ನಿಲ್ದಾಣದ ಹತ್ತಿರ ಟಿಪ್ಪುವಿನ ಕಾಲದ ಮದ್ದಿನ ಮನೆಯಿದೆ. ಜೋಡಿ ಹಳಿ ಹಾಕಲು ಅಡ್ಡ ಬಂತೆಂದು 2017ರಲ್ಲಿ ಅದನ್ನು ಒಡೆಯದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿದರು. ಈ ಹಳಿಗಳನ್ನು ನೋಡಿಕೊಳ್ಳುವ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇರುವುದು ನಮ್ಮ ಹುಬ್ಬಳ್ಳಿಯಲ್ಲೇ ಎಂದಾಗ ಮಗಳಿಗೆ ಹೆಮ್ಮೆ. ನನಗೋ ಇದಕ್ಕಿಂತ ಹಳೆಯ, ಅಷ್ಟು ಸಿಹಿಯಲ್ಲದ ಇನ್ನೊಂದು ನಂಟು ನೆನಪಾಗುತ್ತಿತ್ತು.

1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠಾ ಸೈನ್ಯ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತು. ಜೊತೆಗೆ ಮುಂಬಯಿಯಿಂದ ಬಂದ ಇಂಗ್ಲಿಷರ ಒಂದು ತುಕಡಿ. ಒಳಗೆ ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನ್. ಆರು ತಿಂಗಳು ಕಾದಾಡಿ, 1791ರ ಏಪ್ರಿಲಿನಲ್ಲಿ ಅವನು ಕೋಟೆ ಬಿಟ್ಟುಕೊಟ್ಟ. ಗೆದ್ದ ಮರಾಠರು ಹೊಳೆ ದಾಟಿ ದಕ್ಷಿಣಕ್ಕೆ ನಡೆದರು. ಅತ್ತ ಕಾರ್ನ್‌ವಾಲಿಸ್‌ನ ಸೈನ್ಯ ಶ್ರೀರಂಗಪಟ್ಟಣದ ತನಕ ಬಂದು, ಅನ್ನವಿಲ್ಲದೆ, ತನ್ನ ದೊಡ್ಡ ತೋಪುಗಳನ್ನು ತಾನೇ ಒಡೆದು ಹಿಂದಿರುಗುತ್ತಿತ್ತು. ಅದಕ್ಕೆ ಮೇಲುಕೋಟೆಯ ಬಳಿ ಎದುರಾದದ್ದು ಈ ಮರಾಠಾ ದಂಡು, ಅದರ ಬೆನ್ನಿಗಿದ್ದ ತುಂಬಿದ ಬಜಾರು. ಮಾರನೆಯ ವರ್ಷ ಎಲ್ಲರೂ ಕೂಡಿ ಮತ್ತೆ ದ್ವೀಪವನ್ನು ಸುತ್ತುವರಿದರು.

1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕು, 3 ಕೋಟಿ 30 ಲಕ್ಷ ರೂಪಾಯಿ ತೆರಬೇಕು, ಅಲ್ಲಿಯವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕು. ಆ ಅರ್ಧದಲ್ಲಿ ಧಾರವಾಡದ ಸೀಮೆ ಮರಾಠರಿಗೆ ಹೋಯಿತು. ತುಂಗಭದ್ರೆ ಗಡಿಯಾಯಿತು.

ಏಳು ವರ್ಷದ ಮೇಲೆ, 1799ರ ಮೇ 4ರಂದು ಟಿಪ್ಪುವೂ ಬಿದ್ದ. 1818ರ ಹೊತ್ತಿಗೆ ಪೇಶ್ವೆಯೂ ಹೋದ. ಹೊಳೆಯ ಗಡಿ ಮಾತ್ರ ಹೋಗಲಿಲ್ಲ. ಹರಿಹರ ಮೈಸೂರು ಸಂಸ್ಥಾನಕ್ಕೆ, ಎದುರು ದಂಡೆಯ ರಾಣೆಬೆನ್ನೂರು ಸೀಮೆ ಮುಂಬಯಿಗೆ. ಎರಡೂ ಕಡೆ ಒಂದೇ ಮಾತು, ಬೇರೆ ಬೇರೆ ದೊರೆ. ನಮ್ಮ ಕಡೆ ಕಚೇರಿಯ ಕಾಗದ ಓದಲು ಮರಾಠಿ ಕಲಿಯಬೇಕಾದ ಕಾಲವೂ ಬಂದುಹೋಯಿತು.

ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಗೆಲುವಿನ ದೊಡ್ಡ ಚಿತ್ರವಿದೆ. ಆನೆ, ಕುದುರೆ, ಪಲ್ಲಕ್ಕಿಯಲ್ಲಿ ಕುಳಿತ ಇಂಗ್ಲಿಷ್ ಕರ್ನಲ್ ಬೇಲಿ. ಒತ್ತೆಯ ಮಕ್ಕಳ ಚಿತ್ರಗಳನ್ನು ಇಂಗ್ಲಿಷ್ ಕಲಾವಿದರು ಬರೆದರು. ಗೆದ್ದವರು ತಮ್ಮ ತಮ್ಮ ದಿನವನ್ನು ಬರೆಸಿಕೊಂಡರು. ಎರಡಾಗಿ ಹೋದ ನಾಡಿನ ಚಿತ್ರವನ್ನು ಯಾರು ಬರೆಸಬೇಕು?

ಹೊರಗೆ ಆಟೋದವರು ಕೇಳಿದರು: "ಯಾವ್ ಕಡೆಯವ್ರು ಸಾರ್ ನೀವು?"

"ಹುಬ್ಬಳ್ಳಿ ಕಡೇರು."

"ಓ, ಆ ಕಡೆಯವ್ರಾ! ಮಾತಲ್ಲೇ ಗೊತ್ತಾಯ್ತು ಬಿಡಿ" ಎಂದು ನಕ್ಕರು. ಪ್ರೀತಿಯ ಮಾತೇ. ಆದರೂ ಆ 'ಆ ಕಡೆ'ಯಲ್ಲಿ ಅಜ್ಜನ ದನಿ ಕೇಳಿಸಿತು.

1953ರಲ್ಲಿ ಹುಬ್ಬಳ್ಳಿಯ ಪಕ್ಕದ ಅದರಗುಂಚಿಯಲ್ಲಿ ಶಂಕರಗೌಡರು ಅನ್ನ ಬಿಟ್ಟು ಕುಳಿತದ್ದು ಈ ಗೆರೆ ಅಳಿಯಲಿ ಎಂದೇ. ಹುಬ್ಬಳ್ಳಿಯ ಬೀದಿಗಳಲ್ಲಿ ಜನ ಸಿಟ್ಟಿಗೆದ್ದದ್ದೂ ಅದಕ್ಕೇ. 1956ರ ನವೆಂಬರ್ 1ರಂದು ಗೆರೆ ಅಳಿಯಿತು. ಬಿದ್ದು 164 ವರ್ಷವಾಗಿತ್ತು. ನಕ್ಷೆಯಿಂದ ಅಳಿದದ್ದು ನಾಲಿಗೆಯಿಂದ ಅಳಿಯಲು ಇನ್ನೆಷ್ಟು ಕಾಲ ಬೇಕೋ.

ಹಿಂದಿರುಗುವಾಗ ಹರಿಹರದ ಸೇತುವೆ ಬಂತು. ಬೇಸಿಗೆಯ ತುಂಗಭದ್ರೆ, ಮರಳ ನಡುವೆ ಸಣ್ಣಗೆ ಹರಿಯುವ ನೀರು. ಅಜ್ಜನ ಮಾತು ತುಟಿಯ ತನಕ ಬಂದಿತ್ತು. ಅಷ್ಟರಲ್ಲಿ ಕಿಟಕಿಗೆ ಮುಖ ಒತ್ತಿದ್ದ ಮಗಳು, "ಅಪ್ಪಾ, ಈ ಹೊಳ್ಯಾಗ ಮೊಸಳಿ ಅದಾವೇನು?" ಎಂದಳು.

ಗಡಿಯ ಮಾತು ಆಡದೆ ನಾನೂ ಕಿಟಕಿಯಲ್ಲಿ ಬಗ್ಗಿ ನೋಡಿದೆ.