ಸತುವಿನ ಪಾತ್ರೆಯ ಗುಟ್ಟು

ಪೆಕಾನ್ ಅಂದರೆ ನಮ್ಮ ಅಕ್ರೋಟಿನ ನೆಂಟ. ಅಮೆರಿಕದ ಮಿಸಿಸಿಪಿ ಬಯಲಲ್ಲಿ ತಾನಾಗಿ ಬೆಳೆಯುತ್ತಿದ್ದ ಕಾಡುಮರ. ಅಲ್ಲಿನ ತೋಟಗಾರರಿಗೆ ವಸಂತ ಬಂತೆಂದರೆ ಕೈತುಂಬ ಕೆಲಸ. ಮೊಗ್ಗೊಡೆದು ಹಸಿರು ಕಂಡ ಕೂಡಲೇ ಎಲೆಗಳಿಗೆ ಸತು, ಅಂದರೆ ಜಿಂಕ್, ಸಿಂಪಡಿಸಬೇಕು. ಎರಡು ವಾರ ಬಿಟ್ಟು ಇನ್ನೊಮ್ಮೆ, ಮತ್ತೆ ಇನ್ನೊಮ್ಮೆ... ಈ ಪದ್ಧತಿ ಶುರುವಾದ ಕತೆ ಮಜವಾಗಿದೆ.

20ನೇ ಶತಮಾನದ ಆರಂಭದಲ್ಲಿ ಪೆಕಾನ್ ತೋಟಗಳನ್ನು ‘ರೋಸೆಟ್’ ಎಂಬ ಕಾಯಿಲೆ ಕಾಡುತ್ತಿತ್ತು. ವಸಂತದಲ್ಲಿ ಚಿಗುರೇನೋ ಬರುತ್ತಿತ್ತು, ಆದರೆ ಎಲೆಗಳು ಸಣ್ಣ, ಹಳದಿ, ಮುರುಟು. ರೆಂಬೆ ಉದ್ದವಾಗದೆ ತುದಿಯಲ್ಲಿ ಎಲೆಗಳೆಲ್ಲ ಗೊಂಚಲಾಗಿ ಕೂರುತ್ತಿದ್ದವು. ಆಮೇಲೆ ತುದಿಯಿಂದ ಒಣಗುತ್ತ ಬರುತ್ತಿತ್ತು. ಸರಿಯಾದ ಫಸಲಿಗೆ ಏಳೆಂಟು ವರ್ಷ ಕಾಯಿಸುವ ಮರ ಇದು. ಅಷ್ಟು ಕಾಲ ಸಾಕಿದ ಮರ ಕಣ್ಣೆದುರೇ ಹೀಗಾದರೆ ರೈತನ ಗತಿ ಏನು, ನೀವೇ ಹೇಳಿ. ರೋಗಾಣು ಹುಡುಕಿದವರಿಗೆ ಏನೂ ಸಿಗಲಿಲ್ಲ.

ಎಲೆ ಹಳದಿಯಾಗಿದೆ, ಹಾಗಾದರೆ ಕಬ್ಬಿಣಾಂಶದ ಕೊರತೆ ಇರಬೇಕು ಎಂದು ಕಬ್ಬಿಣದ ಸಲ್ಫೇಟ್ ಕೊಟ್ಟು ನೋಡಿದರು. ಕೆಲವು ಮರ ಚೇತರಿಸಿಕೊಂಡವು, ಕೆಲವು ಜಪ್ಪಯ್ಯ ಅನ್ನಲಿಲ್ಲ. ಔಷಧ ಒಂದೇ, ಫಲ ಮಾತ್ರ ಬೇರೆ! ವ್ಯತ್ಯಾಸ ಇದ್ದದ್ದು ದ್ರಾವಣ ಕಲಸಿದ ಪಾತ್ರೆಯಲ್ಲಿ. ಸತುವಿನ ಲೇಪವಿದ್ದ ತಗಡಿನ ಪಾತ್ರೆಯಲ್ಲಿ ಕಲಸಿದಾಗ, ದ್ರಾವಣದ ಹುಳಿಗುಣಕ್ಕೆ ಲೇಪ ಸ್ವಲ್ಪ ಕರಗಿ ಅದರೊಳಗೆ ಸೇರಿಕೊಳ್ಳುತ್ತಿತ್ತು. ಮರಕ್ಕೆ ಬೇಕಿದ್ದದ್ದು ಆ ‘ಕಲಬೆರಕೆ’ಯೇ. ಆಲ್ಬೆನ್, ಕೋಲ್ ಮತ್ತು ಲೂಯಿಸ್ ಎಂಬ ವಿಜ್ಞಾನಿಗಳು 1932ರಲ್ಲಿ ಇದನ್ನು ಪ್ರಕಟಿಸಿದರು. ಇದನ್ನು ಬರೀ ಅದೃಷ್ಟ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮರ ವಾಸಿಯಾದ ಮೇಲೂ ಪಾತ್ರೆಯ ಕಡೆ ತಿರುಗಿ ನೋಡುವವರು ಎಷ್ಟು ಮಂದಿ?

ನಮ್ಮ ಭತ್ತದ ಗದ್ದೆಗಳಿಗೆ ಹಾಕುವ ಜಿಂಕ್ ಸಲ್ಫೇಟೇ ಅಲ್ಲೂ ಮದ್ದಾಯಿತು. ಹುಳಿಮಣ್ಣಿನ ಜಾರ್ಜಿಯಾದಂಥ ಕಡೆ ಬುಡಕ್ಕೆ ಹಾಕಿದರೂ ನಡೆಯುತ್ತದೆ. ಪಶ್ಚಿಮದ ಸುಣ್ಣಮಣ್ಣು ಹಾಗಲ್ಲ, ಹಾಕಿದ ಸತುವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಹಾಗಾಗಿ ಎಲೆಗೇ ಕೊಡಬೇಕು, ಅದೂ ಎಲೆ ಎಳೆಯದಿರುವಾಗಲೇ. ಹಳೆ ಎಲೆಯ ಸತು ಹೊಸ ಚಿಗುರಿಗೆ ಸಾಗುವುದು ತೀರಾ ಕಡಿಮೆ, ಅದಕ್ಕೇ ವಸಂತವಿಡೀ ಈ ಓಡಾಟ.

1930ರ ದಶಕದಲ್ಲೇ ಡೀನ್ ಸ್ಟಾಹ್ಮನ್ ಎಂಬ ರೈತ ನ್ಯೂ ಮೆಕ್ಸಿಕೋದ ಮೆಸಿಲ್ಲಾ ಕಣಿವೆಯಲ್ಲಿ ಪೆಕಾನ್ ನೆಡತೊಡಗಿದರು. ಮರುಭೂಮಿಯ ನಡುವೆ ರಿಯೋ ಗ್ರಾಂಡೆ ನೀರು ನಂಬಿದ ಜಾಗ, ಮಣ್ಣು ಅದೇ ಸುಣ್ಣದ್ದು. 2018ರಲ್ಲಿ ಮೈಕೇಲ್ ಚಂಡಮಾರುತ ಜಾರ್ಜಿಯಾದ ತೋಟಗಳನ್ನು ಉರುಳಿಸಿದ ವರ್ಷ, ಅಮೆರಿಕದಲ್ಲಿ ಅತಿ ಹೆಚ್ಚು ಪೆಕಾನ್ ಬೆಳೆದ ರಾಜ್ಯ ಈ ನ್ಯೂ ಮೆಕ್ಸಿಕೋ.