ಜರ್ಮನಿಯ ಪರ್ಮಿಟ್ ಪುರಾಣ ಮತ್ತು ಕೋರ್ಟಿಗೆ ಹೋದ ಒಬ್ಬ ಇಂಡಿಯನ್

ನನ್ನ ರೆಸಿಡೆನ್ಸ್ ಕಾರ್ಡಿನ ಅವಧಿ ಕಳೆದ ತಿಂಗಳು ಮುಗಿಯಿತು. ಹೊಸದಕ್ಕೆ ಅರ್ಜಿ ಹಾಕಿ ಬಹಳ ದಿನ ಆಯಿತು, ಇನ್ನೂ ಬಂದಿಲ್ಲ. ಅಲ್ಲಿಯ ತನಕ ಯಾರಾದರೂ ಕೇಳಿದರೆ ತೋರಿಸೋಕೆ ಅಂತ ಒಂದು ಮಡಿಸಿದ ಕಾಗದ ಕೊಟ್ಟಿದ್ದಾರೆ. ಅದರ ಹೆಸರು ಕೇಳಿ: ಫಿಕ್ತ್ಸಿಯೋನ್ಸ್‌ಬೆಶೈನಿಗುಂಗ್. ಹೆಚ್ಚು ಕಡಿಮೆ 'ಕಲ್ಪನೆಯ ಸರ್ಟಿಫಿಕೇಟು' ಅಂತ ಅರ್ಥ! ಅವಧಿ ಮುಗಿಯೋ ಮೊದಲೇ ಅರ್ಜಿ ಹಾಕಿದವನ ಹಳೇ ಪರ್ಮಿಟ್ಟು, ತೀರ್ಮಾನ ಆಗುವವರೆಗೆ ಇನ್ನೂ ಜೀವಂತವಾಗಿದೆ ಅಂತ ಕಾನೂನು ಕಲ್ಪಿಸಿಕೊಳ್ಳುತ್ತದೆ. ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಿದರೆ, "ಅಂದ್ರೆ ನೀನು ಅಲ್ಲಿ ಇದ್ದೀಯ ಅಂತ ಅವರು ಸುಮ್ಮನೆ ಅಂದ್ಕೊಂಡಿದಾರಾ?" ಅಂದಳು. ಇದಕ್ಕಿಂತ ಚೆನ್ನಾಗಿ ಯಾವ ಲಾಯರೂ ಹೇಳಲಾರ.

ತಮಾಷೆ ಇರಲಿ, ಹೊಟ್ಟೆಯಲ್ಲಿ ಸಣ್ಣ ನಡುಕ ಇದೆ. ಕಂಪನಿಯಲ್ಲಿ ಟೀಮುಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಿದ್ದಾರೆ. ಕೆಲಸಕ್ಕೂ ಕಾರ್ಡಿಗೂ ಗಂಟು ಹಾಕಿದೆ, ಒಂದು ಬಿಚ್ಚಿದರೆ ಇನ್ನೊಂದೂ ಸಡಿಲ. ರಾತ್ರಿ ನಿದ್ದೆ ಬರದೆ ಈ ಗಂಟು ಹಾಕಿದವರು ಯಾರು, ಯಾವಾಗ ಅಂತ ಓದಲು ಕೂತೆ. ಓದುತ್ತಾ ಹೋದರೆ ಅದು ಒಂದು ದೊಡ್ಡ ಕಥೆ. ನಡುವೆ ನಮ್ಮ ದೇಶದ ಒಬ್ಬ ಮನುಷ್ಯನೂ ಸಿಕ್ಕಿದ. ಅವನ ಬಗ್ಗೆ ಹೇಳೋಕೇ ಇಷ್ಟೆಲ್ಲ ಬರೆಯುತ್ತಿರುವುದು.

ಯುದ್ಧ ಮುಗಿದು ಹತ್ತು ವರ್ಷಕ್ಕೆ ಪಶ್ಚಿಮ ಜರ್ಮನಿಯಲ್ಲಿ ಕಾರ್ಖಾನೆಗಳು ಎಷ್ಟು ಬೆಳೆದವೆಂದರೆ ಕೈಗಳೇ ಸಾಲದಾದವು. 1955ರ ಡಿಸೆಂಬರ್ 20ರಂದು ರೋಮ್‌ನಲ್ಲಿ ಇಟಲಿಯ ಜೊತೆ ಒಪ್ಪಂದ ಆಯಿತು: ಕೆಲಸಗಾರರನ್ನು ಕಳಿಸಿ, ಕೆಲಸ ನಾವು ಕೊಡುತ್ತೇವೆ. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ, ಆಮೇಲೆ ಮೊರಾಕೊ, ಪೋರ್ಚುಗಲ್, ಟ್ಯುನೀಸಿಯಾ, 1968ರಲ್ಲಿ ಯುಗೊಸ್ಲಾವಿಯಾ. ಟರ್ಕಿಯ ಒಪ್ಪಂದ ಬರ್ಲಿನ್ ಗೋಡೆ ಎದ್ದ ಕೆಲವೇ ವಾರಗಳಲ್ಲಿ ಆಯಿತು. ಗೋಡೆ ಎದ್ದ ಮೇಲೆ ಪೂರ್ವದಿಂದ ಜನ ಬರುವುದು ನಿಂತಿತ್ತಲ್ಲ.

ಇಸ್ತಾಂಬುಲ್‌ನಲ್ಲಿ ಜರ್ಮನ್ನರದ್ದೇ ಒಂದು ಆಫೀಸು. ಅಲ್ಲಿ ಓದಲು ಬರುತ್ತದೆಯೇ, ಕೆಲಸ ಗೊತ್ತೇ ಅಂತ ಪರೀಕ್ಷೆ. ಹಲ್ಲು, ಎದೆ, ರಕ್ತ, ಮೂತ್ರ ಎಲ್ಲ ತಪಾಸಣೆ. ಅರೆಬೆತ್ತಲೆ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಆ ಅವಮಾನದ ಬಗ್ಗೆ ಹೋದವರು ಜೀವನಪೂರ್ತಿ ಮಾತಾಡಿದ್ದಾರೆ. ಪಾಸಾದವರಿಗೆ ಒಂದು ವರ್ಷದ ಕಾರ್ಡು, ಅದು ಒಂದೇ ಮಾಲೀಕನಿಗೆ ಕಟ್ಟಿದ್ದು. ಸಿರ್ಕೆಜಿ ಸ್ಟೇಷನ್ನಿನಿಂದ ರೈಲು ಹತ್ತಿದರೆ ಮೂರು ದಿನಕ್ಕೆ ಮ್ಯೂನಿಕ್‌ನ 11ನೇ ಪ್ಲಾಟ್‌ಫಾರಂ. ಅದರ ಕೆಳಗಿದ್ದ ಹಳೇ ಯುದ್ಧಕಾಲದ ಬಂಕರಿನಲ್ಲಿ ಊಟ ಕೊಟ್ಟು, ಹೆಸರು ಕೂಗಿ, ಯಾವ ಊರಿನ ಯಾವ ಕಾರ್ಖಾನೆ ಅಂತ ಹಂಚುತ್ತಿದ್ದರು. ಒಂದೇ ಮಾಲೀಕನಿಗೆ ಕಟ್ಟಿದ ಆ ಕಾರ್ಡನ್ನು ಓದಿದಾಗ, ನನ್ನ ಮೊದಲ ಕಾರ್ಡಿನ ಜೊತೆ ಬಂದ ಚೀಟಿಯಲ್ಲಿ ಕಂಪನಿಯ ಹೆಸರು ಅಚ್ಚಾಗಿದ್ದದ್ದು ನೆನಪಾಯಿತು.

ಟರ್ಕಿಯ ಒಪ್ಪಂದದಲ್ಲಿ ಒಂದು ವಿಶೇಷ ಷರತ್ತಿತ್ತು: ಎರಡು ವರ್ಷ ಆದ ಮೇಲೆ ವಾಪಸ್ ಹೋಗಬೇಕು, ಅವರ ಜಾಗಕ್ಕೆ ಹೊಸಬರು. 'ಸರದಿ ಪದ್ಧತಿ'. ಮನೆ ಬೇಡ, ಶಾಲೆ ಬೇಡ, ಸಂಸಾರ ಬೇಡ, ಬರೀ ಕೆಲಸ. ಇದನ್ನು ಮುರಿದವರು ಯಾರು ಗೊತ್ತಾ? ಮಾನವ ಹಕ್ಕಿನವರಲ್ಲ, ಕಾರ್ಖಾನೆಯವರೇ! ಎರಡು ವರ್ಷ ತರಬೇತಿ ಕೊಟ್ಟು, ಕೈ ಪಳಗಿದ ಮೇಲೆ ಕಳಿಸಿ, ಮತ್ತೆ ಹೊಸಬನಿಗೆ ಅ ಆ ಇ ಈ ಶುರು ಮಾಡುವುದು ಯಾವ ಲೆಕ್ಕ ಅಂತ ಅವರ ಪ್ರಶ್ನೆ. 1964ರಲ್ಲಿ ಆ ಷರತ್ತು ಬಿದ್ದುಹೋಯಿತು. ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ನಾಲೆಡ್ಜ್ ಟ್ರಾನ್ಸ್‌ಫರ್ ಮಾಡಿದವರಿಗೆ ಈ ಸಂಕಟ ಅರ್ಥ ಆಗುತ್ತದೆ :-)

ಅದೇ ವರ್ಷ ಸೆಪ್ಟೆಂಬರ್ 10ರಂದು ಕೊಲೋನ್‌ನ ಡಾಯ್ಟ್ಸ್ ಸ್ಟೇಷನ್ನಿನಲ್ಲಿ ಪೋರ್ಚುಗಲ್‌ನ ಬಡಗಿ ಅರ್ಮಾಂದೊ ರೊಡ್ರಿಗೆಸ್ ದೆ ಸಾ ಇಳಿದರು. ಧ್ವನಿವರ್ಧಕದಲ್ಲಿ ತಮ್ಮ ಹೆಸರು ಕೂಗಿದ್ದು ಕೇಳಿ, ವಾಪಸ್ ಕಳಿಸುತ್ತಾರೇನೋ ಅಂತ ಹೆದರಿದರಂತೆ. ನೋಡಿದರೆ ಅವರು ಹತ್ತು ಲಕ್ಷದನೇ 'ಗಾಸ್ಟ್‌ಆರ್ಬೈಟರ್', ಅಂದರೆ ಅತಿಥಿ ಕೆಲಸಗಾರ! ಹೂಗುಚ್ಛ, ಫೋಟೋ, ಬಹುಮಾನವಾಗಿ ಒಂದು ಮೊಪೆಡ್. ಆ ಫೋಟೋ ಇಲ್ಲಿನ ಶಾಲಾ ಪುಸ್ತಕಗಳಲ್ಲಿ ಇರುತ್ತದೆ. ಪುಸ್ತಕದಲ್ಲಿ ಸಾಮಾನ್ಯವಾಗಿ ಇರದ ಭಾಗ ಏನೆಂದರೆ, ಮುಂದೆ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಆಯಿತು, ಊರಿಗೆ ಮರಳಿ ಉಳಿಸಿದ್ದನ್ನೆಲ್ಲ ಚಿಕಿತ್ಸೆಗೆ ಸುರಿದು 1979ರಲ್ಲಿ ತೀರಿಕೊಂಡರು. ಜರ್ಮನಿಯ ವಿಮೆಯಿಂದ ತಮಗೆ ಹಣ ಬರಬೇಕಿತ್ತು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಮೊಪೆಡ್ ಈಗ ಬಾನ್‌ನ ಮ್ಯೂಸಿಯಂನಲ್ಲಿದೆ.

ಅತಿಥಿ ಅನ್ನುವ ಪದದ ಬಗ್ಗೆ ಒಂದು ಮಾತು. ಇಷ್ಟೆಲ್ಲ ಜನ ಬರುತ್ತಿದ್ದಾಗಲೂ, ಅವರು ಇಲ್ಲಿ ಇರಬಹುದೋ ಬೇಡವೋ ಅನ್ನುವುದನ್ನು ತೀರ್ಮಾನಿಸುತ್ತಿದ್ದದ್ದು 1938ರ ಪೊಲೀಸ್ ನಿಯಮ. ಹೌದು, ಹಿಟ್ಲರ್ ಕಾಲದ್ದು. ತನಗೆ ಕೊಟ್ಟ ಆತಿಥ್ಯಕ್ಕೆ ಯೋಗ್ಯನಾದ ವಿದೇಶಿ ಮಾತ್ರ ಇರಬಹುದು ಅಂತ ಅದರ ಧಾಟಿ. 1965ರಲ್ಲಿ ಹೊಸ ಕಾನೂನು ಬಂತು. ಅದು ಹೇಳಿದ್ದು, ದೇಶದ ಹಿತಕ್ಕೆ ಧಕ್ಕೆ ಬರದಿದ್ದರೆ ಪರ್ಮಿಟ್ 'ಕೊಡಬಹುದು'. ಕೊಡಬೇಕು ಅಂತ ಅಲ್ಲ. ಏನು ಹಿತ, ಏನು ಧಕ್ಕೆ, ಅದನ್ನು ಕೌಂಟರಿನ ಆಚೆ ಕೂತವರು ನೋಡಿಕೊಳ್ಳುತ್ತಾರೆ. ಕೆಲಸಗಾರರೆಲ್ಲ ವರ್ಷ ವರ್ಷ ಅದೇ ಕೌಂಟರಿಗೆ ಹೋಗಿ ನಿಲ್ಲುತ್ತಿದ್ದರು.

1973ರ ನವೆಂಬರ್ 23. ತೈಲ ಬಿಕ್ಕಟ್ಟಿನ ನಡುವೆ ಸರ್ಕಾರ ಹೊರಗಿನಿಂದ ಕೆಲಸಗಾರರನ್ನು ಕರೆಸುವುದನ್ನು ಒಂದೇ ಆದೇಶದಲ್ಲಿ ನಿಲ್ಲಿಸಿತು. ಆಗ ಸುಮಾರು 26 ಲಕ್ಷ ವಿದೇಶಿ ಕೆಲಸಗಾರರಿದ್ದರು. 1955ರಿಂದ ಅಲ್ಲಿಯ ತನಕ ಸುಮಾರು 1 ಕೋಟಿ 40 ಲಕ್ಷ ಜನ ಬಂದು, 1 ಕೋಟಿ 10 ಲಕ್ಷ ಜನ ವಾಪಸ್ ಹೋಗಿದ್ದರು ಅನ್ನುತ್ತಾರೆ. ಅಂದರೆ ಬರುವುದು ಹೋಗುವುದು ಸರಾಗವಾಗಿ ನಡೆದೇ ಇತ್ತು. ಬಾಗಿಲು ಮುಚ್ಚಿದ ಮೇಲೆ ಏನಾಯಿತು? ಒಮ್ಮೆ ಹೊರಗೆ ಹೋದರೆ ಮತ್ತೆ ಒಳಗೆ ಬರಲಾಗದು ಅಂತ ಗೊತ್ತಾದವರು ಹೋಗುವುದನ್ನೇ ಬಿಟ್ಟರು. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ವಿದೇಶಿಯರ ಸಂಖ್ಯೆ 1973ರಲ್ಲಿ 40 ಲಕ್ಷದ ಹತ್ತಿರ ಇದ್ದದ್ದು 1980ರ ಹೊತ್ತಿಗೆ 44 ಲಕ್ಷ ದಾಟಿತು. ಜನರನ್ನು ಕಡಿಮೆ ಮಾಡಲು ಹಾಕಿದ ಬೀಗ ಜನರನ್ನು ಒಳಗೇ ಉಳಿಸಿತು. ಇಡೀ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಬಗ್ ಇದು.

ಈಗ ಆ ಇಂಡಿಯನ್. ಕೋರ್ಟಿನ ತೀರ್ಪುಗಳಲ್ಲಿ ಇಲ್ಲಿ ಕಕ್ಷಿದಾರರ ಹೆಸರು ಹಾಕುವುದಿಲ್ಲ, ಆದ್ದರಿಂದ ಅವನು ಬರೀ 'ಒಬ್ಬ ಭಾರತೀಯ ಪ್ರಜೆ'. 1961ರಲ್ಲಿ ತರಬೇತಿಗೆ ಅಂತ ಬಂದ. ತರಬೇತಿ ಮುಗಿದ ಮೇಲೂ ಇಲ್ಲೇ ಉಳಿದ. ಅವಧಿ ಮುಗಿದಾಗಲೆಲ್ಲ ಕೌಂಟರಿಗೆ ಹೋಗುವುದು, ಠಸ್ಸೆ ಹಾಕಿಸಿಕೊಂಡು ಬರುವುದು. ಹೀಗೆ ಹನ್ನೆರಡು ವರ್ಷ. 1973ರಲ್ಲಿ ಎಂದಿನಂತೆ ಹೋದರೆ, ಇಲ್ಲ ಅಂದರು. ಕಾರಣ? ಇವನು ಇನ್ನೇನು ಇಲ್ಲೇ ನೆಲೆಸಿಬಿಡುತ್ತಾನೆ, ಜರ್ಮನಿ ವಲಸೆಯ ದೇಶ ಅಲ್ಲ. ಅವನು ತಪ್ಪು ಮಾಡಿದ್ದಾನೆ ಅಂತಲ್ಲ, ತುಂಬ ದಿನ ಇದ್ದುಬಿಟ್ಟಿದ್ದಾನೆ ಅಂತ.

ಅವನು ಕೋರ್ಟಿಗೆ ಹೋದ. ಕೆಳಗಿನ ಕೋರ್ಟುಗಳು ಅವನ ಮಾತು ಒಪ್ಪಲಿಲ್ಲ. ಕೊನೆಗೆ ಕಾರ್ಲ್‌ಸ್ರೂಯ ಸಂವಿಧಾನ ನ್ಯಾಯಾಲಯ. 1978ರ ಸೆಪ್ಟೆಂಬರ್ 26ರಂದು ಆ ಕೋರ್ಟು ಅವನ ಪರವಾಗಿ ತೀರ್ಪು ಕೊಟ್ಟಿತು. ಅದರ ತಿರುಳು ಇಷ್ಟು: ನೀವು ಪ್ರತಿ ಸಲ ಸುಮ್ಮನೆ ಠಸ್ಸೆ ಹಾಕುತ್ತಾ ಬಂದಿದ್ದೀರಿ, ಹಾಗೆ ಹಾಕಿದ್ದರಿಂದ ಆ ಮನುಷ್ಯನಲ್ಲಿ ಒಂದು ನಂಬಿಕೆ ಹುಟ್ಟಿದೆ, ಅವನು ಆ ನಂಬಿಕೆಯ ಮೇಲೆ ಬದುಕು ಕಟ್ಟಿದ್ದಾನೆ, ಆ ನಂಬಿಕೆಗೆ ಸಂವಿಧಾನದ ರಕ್ಷಣೆ ಇದೆ. 'ವಲಸೆಯ ದೇಶ ಅಲ್ಲ' ಅನ್ನುವ ಸಾಮಾನ್ಯ ಮಾತೊಂದನ್ನೇ ಹಿಡಿದು ಅದನ್ನು ಮುರಿಯುವ ಹಾಗಿಲ್ಲ.

ನಾನು ಇದನ್ನು ಎರಡು ಸಲ ಓದಿದೆ. ಊರಿನಲ್ಲಿ ತಾಲ್ಲೂಕು ಆಫೀಸಿಗೆ ಅಪ್ಪನ ಜೊತೆ ಅಲೆದವನು ನಾನು. ಸಾಹೇಬರು 'ಆಗಲ್ಲ' ಅಂದರೆ 'ಸರಿ ಸಾರ್' ಅಂತ ಬರುವುದು ನಮಗೆ ಗೊತ್ತಿರುವ ದಾರಿ. ಪರದೇಶದಲ್ಲಿ, ಪರಭಾಷೆಯಲ್ಲಿ, ಕೈಯಲ್ಲಿ ಪರ್ಮಿಟ್ಟೂ ಇಲ್ಲದೆ ಐದು ವರ್ಷ ಪಟ್ಟು ಹಿಡಿದು ಕೂತವನ ಎದೆಗಾರಿಕೆ ಎಂಥದ್ದಿರಬೇಕು! ಅದೇ 1978ರಲ್ಲಿ ಆಡಳಿತದ ನಿಯಮಗಳೂ ಬದಲಾದವು. ಐದು ವರ್ಷ ಇದ್ದವರಿಗೆ ಅವಧಿ ಇಲ್ಲದ ಪರ್ಮಿಟ್ ಸಿಗುವ ದಾರಿ ತೆರೆಯಿತು.

ಆದರೆ ಎಲ್ಲರೂ ಕೋರ್ಟಿಗೆ ಹೋಗಲಿಲ್ಲ. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚ್ ಮೂಲಕ ಕೇರಳದಿಂದ ಸಾವಿರಾರು ಹುಡುಗಿಯರು ನರ್ಸ್ ತರಬೇತಿಗೆ ಜರ್ಮನಿಗೆ ಬಂದಿದ್ದರು. 70ರ ದಶಕದ ಕೊನೆಯಲ್ಲಿ ಜರ್ಮನ್ ನರ್ಸುಗಳು ಸಾಕಷ್ಟು ಸಿಗುತ್ತಾರೆ ಅಂತ ಕೆಲವು ರಾಜ್ಯಗಳು ಇವರ ಪರ್ಮಿಟ್ ಮುಂದುವರಿಸಲಿಲ್ಲ. ಹೋದ ವರ್ಷ ಓಣಂ ಊಟದಲ್ಲಿ ಅಂಥ ಒಬ್ಬ ಆಂಟಿ ಸಿಕ್ಕರು. ಅವರದ್ದು ಹೇಗೋ ಉಳಿಯಿತು, ಒಟ್ಟಿಗೆ ರೂಮಿನಲ್ಲಿದ್ದ ಗೆಳತಿಯದ್ದು ಉಳಿಯಲಿಲ್ಲ, ಆಕೆ ಅಮೆರಿಕಕ್ಕೆ ಹೋದರಂತೆ. ಆಂಟಿಯ ಗಂಡ ಬಂದ ಮೇಲೆ ನಾಲ್ಕು ವರ್ಷ ಕೆಲಸ ಮಾಡುವ ಹಾಗಿರಲಿಲ್ಲ. ಅಡುಗೆ, ಮಕ್ಕಳು ಎಲ್ಲ ಅಂಕಲ್. "ಅದಕ್ಕೇ ನಮ್ಮ ಮನೆ ಮೀನ್ ಸಾರು ಇವರ ಕೈಯಲ್ಲೇ ಚೆನ್ನಾಗಿ ಆಗೋದು" ಅಂತ ಆಂಟಿ ನಕ್ಕರು. ಅಂಕಲ್ ನಗಲಿಲ್ಲ.

1983ರಲ್ಲಿ ಹೆಲ್ಮುಟ್ ಕೋಲ್ ಸರ್ಕಾರ, ಕೆಲಸ ಕಳೆದುಕೊಂಡ ಕೆಲವು ದೇಶಗಳ ಕೆಲಸಗಾರರಿಗೆ 10,500 ಮಾರ್ಕ್ ಕೊಟ್ಟು ಮನೆಗೆ ಕಳಿಸುವ ಕಾನೂನು ಮಾಡಿತು, ಮಗುವೊಂದಕ್ಕೆ 1,500 ಹೆಚ್ಚಿಗೆ. 1991ರಿಂದ ಜಾರಿಗೆ ಬಂದ ಕಾನೂನಿನಲ್ಲಿ 'ಕೊಡಬಹುದು' ಅನ್ನುವುದು ಎಷ್ಟೋ ಕಡೆ 'ಕೊಡಬೇಕು' ಆಯಿತು. ಈ ವರ್ಷಗಳನ್ನು ಇಷ್ಟಕ್ಕೇ ಬಿಡುತ್ತೇನೆ, ಯಾಕೆಂದರೆ ಮುಂದೆ ನಮ್ಮ ಬೆಂಗಳೂರು ಬರುತ್ತದೆ.

2000ದ ಫೆಬ್ರವರಿ 23, ಹ್ಯಾನೋವರ್‌ನ ಸೆಬಿಟ್ ಮೇಳ. ಚಾನ್ಸೆಲರ್ ಗೆರ್ಹಾರ್ಡ್ ಶ್ರೋಡರ್ ಕಂಪ್ಯೂಟರ್ ಪರಿಣತರಿಗೆ 'ಗ್ರೀನ್ ಕಾರ್ಡ್' ಕೊಡುತ್ತೇವೆ ಅಂತ ಘೋಷಿಸಿದರು. 75 ಸಾವಿರ ಐಟಿ ಹುದ್ದೆಗಳು ಖಾಲಿ ಇವೆ ಅಂತ ಉದ್ಯಮದವರ ಗೋಳು. ಆಗಸ್ಟ್ 1ರಿಂದ ಜಾರಿ: ಒಟ್ಟು 20 ಸಾವಿರ ಕಾರ್ಡು, ಐದು ವರ್ಷ ಮಿತಿ, ಡಿಗ್ರಿ ಇಲ್ಲದವರಿಗೆ ವರ್ಷಕ್ಕೆ 1 ಲಕ್ಷ ಮಾರ್ಕ್ ಸಂಬಳ ಇರಬೇಕು. ಅಮೆರಿಕದ ಹೆಸರು ಎರವಲು ತಂದಿದ್ದರೇ ಹೊರತು, ಅಲ್ಲಿಯ ಹಾಗೆ ಕಾಯಂ ಆಗಿ ಇರುವ ಹಕ್ಕು ಇರಲಿಲ್ಲ. ಮೊದಲ ಕಾರ್ಡು ಇಂಡಿಯನ್ನನಿಗೆ ಸಿಗುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದರೆ, ಅದು ಸಿಕ್ಕಿದ್ದು ಆಹೆನ್‌ನಲ್ಲಿ ಓದಿದ ಇಂಡೋನೇಷ್ಯಾದ ಹರಿಯಾಂತೊ ವಿಜಯ ಅವರಿಗೆ!

ಅದೇ ವಸಂತದಲ್ಲಿ ನಾರ್ತ್ ರೈನ್ ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆ. ಸಿಡಿಯು ಪಕ್ಷದ ಯೂರ್ಗನ್ ರ್‍ಯೂಟ್‌ಗರ್ಸ್, ಇಂಡಿಯನ್ನರನ್ನು ಕರೆಸುವ ಬದಲು ನಮ್ಮ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಅಂದರು. ಅದು ಪ್ರಾಸಬದ್ಧ ಘೋಷಣೆಯಾಯಿತು: 'ಕಿಂಡರ್ ಶ್ಟಾಟ್ ಇಂಡರ್'. ಕಿಂಡರ್ ಅಂದರೆ ಮಕ್ಕಳು, ಇಂಡರ್ ಅಂದರೆ ನಾವು. ನನಗಾಗ ಮೂರು ವರ್ಷ. ಅಂದರೆ ನಾನು ಕಿಂಡರೂ ಹೌದು, ಇಂಡರೂ ಹೌದು :-) ಮೇ ತಿಂಗಳಲ್ಲಿ ಅವರು ಸೋತರು, 2005ರಲ್ಲಿ ಗೆದ್ದು ಮುಖ್ಯಮಂತ್ರಿಯಾದರು.

ಗ್ರೀನ್ ಕಾರ್ಡಿನ 20 ಸಾವಿರ ಕೊನೆಗೂ ಭರ್ತಿ ಆಗಲಿಲ್ಲ. ಸುಮಾರು 18 ಸಾವಿರಕ್ಕೆ ನಿಂತಿತು. ಅವರಲ್ಲಿ ಅತಿ ದೊಡ್ಡ ಗುಂಪು ಇಂಡಿಯನ್ನರದ್ದೇ. ಅಮೆರಿಕ ಬಿಟ್ಟು, ಭಾಷೆ ಗೊತ್ತಿಲ್ಲದ ದೇಶಕ್ಕೆ ಬರೀ ಐದು ವರ್ಷಕ್ಕೆ ಯಾಕೆ ಹೋಗಬೇಕು ಅಂತ ಆಗಿನ ಬೆಂಗಳೂರಿನ ಎಂಜಿನಿಯರು ಕೇಳಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಬಂದವರಿಗೂ ಡಾಟ್‌ಕಾಂ ಗುಳ್ಳೆ ಒಡೆದಾಗ ಕೆಲಸದ ಜೊತೆ ಕಾರ್ಡೂ ಅಲುಗಾಡಿತು.

ಆದರೂ ಆ ಕಾರ್ಡು ಒಂದು ಮಾತನ್ನು ಒಡೆಯಿತು. 'ನಾವು ವಲಸೆಯ ದೇಶ ಅಲ್ಲ' ಅಂತ ಹೇಳುವುದು ಕಷ್ಟವಾಯಿತು. ಹೊಸ ವಲಸೆ ಕಾನೂನು 2002ರ ಮಾರ್ಚ್ 22ರಂದು ಮೇಲ್ಮನೆಗೆ ಬಂತು. ಅಲ್ಲಿ ಒಂದು ರಾಜ್ಯದ ಮತಗಳು ಒಟ್ಟಾಗಿ ಬೀಳಬೇಕು. ಬ್ರಾಂಡೆನ್‌ಬುರ್ಗ್‌ನ ಒಬ್ಬ ಮಂತ್ರಿ ಹೌದು ಅಂದ, ಇನ್ನೊಬ್ಬ ಇಲ್ಲ ಅಂದ. ಸಭಾಧ್ಯಕ್ಷರು ಮುಖ್ಯಮಂತ್ರಿಯನ್ನು ಕೇಳಿ 'ಹೌದು' ಅಂತ ಎಣಿಸಿದರು. ಕೂಗಾಟ, ಸಭಾತ್ಯಾಗ. ನಮ್ಮ ವಿಧಾನಸಭೆಯ ವಿಶ್ವಾಸಮತ ನೋಡಿದವರಿಗೆ ಮನೆಯಲ್ಲೇ ಇದ್ದ ಹಾಗೆ ಅನಿಸಬಹುದು. ಡಿಸೆಂಬರ್‌ನಲ್ಲಿ ಕೋರ್ಟು ಆ ಕಾನೂನನ್ನು ರದ್ದು ಮಾಡಿತು. ತಿದ್ದಿ ತೀಡಿ ಕೊನೆಗೆ ಜಾರಿಗೆ ಬಂದದ್ದು 2005ರ ಜನವರಿ 1ರಂದು. ಗೋಜಲಾಗಿದ್ದ ಪರ್ಮಿಟ್ಟುಗಳು ಮುಖ್ಯವಾಗಿ ಎರಡಾದವು, ಅವಧಿ ಇರುವುದು ಮತ್ತು ಅವಧಿ ಇಲ್ಲದ್ದು. ನಾನೀಗ ಕೇಳಿರುವುದು ಆ ಎರಡನೆಯದು.

2012ರ ಆಗಸ್ಟ್ 1ರಿಂದ ಯೂರೋಪ್ ಒಕ್ಕೂಟದ ಬ್ಲೂ ಕಾರ್ಡ್ ಇಲ್ಲಿ ಶುರುವಾಯಿತು. ಡಿಗ್ರಿ, ಕೆಲಸದ ಕರಾರು, 2012ರಲ್ಲಿ ಸಂಬಳ 44,800 ಯೂರೋ ಇರಬೇಕಿತ್ತು, ನಮ್ಮಂಥ ಐಟಿಯವರಿಗೆ ಇನ್ನೂ ಕಡಿಮೆ. ಗಂಡ ಅಥವಾ ಹೆಂಡತಿ ಬಂದ ದಿನದಿಂದಲೇ ಕೆಲಸ ಮಾಡಬಹುದು. ಇದನ್ನು ಹೇಳಿದಾಗ ಆ ಅಂಕಲ್ ಸುಮ್ಮನೆ ತಲೆ ಆಡಿಸಿದರು. 2023ರ ನವೆಂಬರ್‌ನಿಂದ ಡಿಗ್ರಿ ಇಲ್ಲದೆ ಅನುಭವ ಇರುವ ಐಟಿಯವರಿಗೂ ಇದು ಸಿಗುತ್ತದೆ. 2024ರ ಜೂನ್‌ನಿಂದ ಕೆಲಸ ಇಲ್ಲದಿದ್ದರೂ ಬಂದು ಹುಡುಕಲು 'ಚಾನ್ಸೆನ್‌ಕಾರ್ಟೆ' ಇದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಇಂಡಿಯನ್ ಪರಿಣತರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುತ್ತೇವೆ ಅಂತ ಜರ್ಮನಿ ಹೇಳಿತು. ಕಿಂಡರ್, ಇಂಡರ್ ಎರಡೂ ಸಾಲುತ್ತಿಲ್ಲ ಅಂತ ಕಾಣುತ್ತದೆ.

ನಾನು ಜರ್ಮನ್ ಬಿ1 ಪರೀಕ್ಷೆ ಪಾಸಾಗಿ, 21 ತಿಂಗಳು ಪಿಂಚಣಿ ಕಟ್ಟಿ ಅರ್ಜಿ ಹಾಕಿದ್ದೇನೆ. ಬ್ಲೂ ಕಾರ್ಡಿನವರಿಗೆ ಕಾನೂನಿನ ಲೆಕ್ಕ ಅಷ್ಟೇ. ಬರುವ ಬುಧವಾರ ಬೆಳಿಗ್ಗೆ ಏಳೂವರೆಗೆ ಬರಬೇಕು ಅಂತ ಕಾಗದ ಬಂದಿದೆ. ನಿನ್ನೆ ಆಂಟಿಗೆ ಫೋನ್ ಮಾಡಿ ಹೇಳಿದೆ. ಏಳಕ್ಕೇ ಹೋಗಿ ನಿಂತಿರು, ಎಲ್ಲ ಕಾಗದದ ಎರಡೆರಡು ಕಾಪಿ ಇಟ್ಟುಕೊಂಡಿರು, ಕೇಳದೇ ಇರೋದನ್ನೂ ತಗೊಂಡು ಹೋಗು ಅಂದರು.